ಎರಡನೇ ಪಿಟೀಲು

ಬೆಂಗಳೂರು
1 ಸೆಪ್ಟೆಂಬರ್ 2024

ಅಪ್ಪಾ,

ಅಮ್ಮನ ಅಪ್ಪಣೆ, ಅದಕ್ಕೇ ಈ ಕಾಗದ. ಮೊನ್ನೆ ನಾವಿಬ್ಬರೂ ಫೋನಿನಲ್ಲಿ ಜಗಳವಾಡಿದ ಅಬ್ಬರಕ್ಕೆ ಪಕ್ಕದ ಮನೆಯ ಮಂಜಮ್ಮ ಒಲೆ ಆರಿಸಿ ಓಡಿಬಂದಳಂತೆ. ಅಮ್ಮ ನಿನ್ನ ಕೈಯಿಂದ ಫೋನ್ ಕಿತ್ತುಕೊಂಡು ಅಂದದ್ದು ನನಗೂ ಕೇಳಿಸಿತು: "ಇನ್ಮ್ಯಾಕೆ ಅಪ್ಪ ಮಗ್ಳು ಕಾಗ್ದ ಬರ್ಕಳಿ. ಕಾಗ್ದದಾಗೆ ಕಿರುಚಾಡಕ್ಕಾಗಕಿಲ್ಲ. ಅಂಚೆಯೋನು ತರೋ ಹೊತ್ಗೆ ಸಿಟ್ಟೂ ತಣ್ಗಾಗಿರ್ತದೆ." ನನ್ನದಿನ್ನೂ ತಣ್ಣಗಾಗಿಲ್ಲ. "ಎರಡ್ನೇ ಪಿಟೀಲು ನುಡ್ಸಕ್ಕೆ ಹದಿನೈದು ವರ್ಷ ಕಲ್ತ್ಯೇನಮ್ಮ?" ಎಂದೆಯಲ್ಲ, ಅದು ಮುರಿದ ಮುಳ್ಳಿನ ಹಾಗೆ ಒಳಗೇ ಇದೆ. ಆದರೆ ಸುದ್ದಿ ಎಷ್ಟು ದೊಡ್ಡದೆಂದರೆ, ಸಿಟ್ಟನ್ನು ಗೂಟಕ್ಕೆ ಕಟ್ಟಿಹಾಕಿ ಬರೆಯುತ್ತಿದ್ದೇನೆ.

ಪೋರ್ಚುಗಲ್ಲಿಗೆ ಹೋಗುತ್ತಿದ್ದೇವೆ! ಬರುವ ಮೇ ತಿಂಗಳಲ್ಲಿ ಅಲ್ಲೊಂದು ಉತ್ಸವ. ಅದರಲ್ಲಿ ನುಡಿಸಲು ನಮ್ಮ ನಾಲ್ವರ ಕ್ವಾರ್ಟೆಟ್‌ಗೆ ಕರೆ ಬಂದಿದೆ. ಮೇಲ್ ನೋಡಿದ ಕೂಡಲೇ ಯಶಸ್ವಿನಿ ಮೆಟ್ಟಿಲ ಮೇಲೆ ಕೂತು ಅತ್ತಳು. ತಿಪ್ಪೇರುದ್ರ ತನ್ನ ಚೆಲ್ಲೋ ಪೆಟ್ಟಿಗೆಯನ್ನು ತಬ್ಬಿಕೊಂಡು ಕುಣಿದ. ನಾನು ಏನು ಮಾಡಿದೆನೋ ನನಗೇ ನೆನಪಿಲ್ಲ, ಕೆಳಗಿನ ಮನೆಯವರು ಬಂದು ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿ ಹೋದರು.

ನೀನು ಪ್ರತಿ ಸಲ ಕೇಳುತ್ತೀಯ, ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಯೋಲಾ, ಕಾಲಿನ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ. ಅಷ್ಟೇ. ಹಾಡುವವರಿಲ್ಲ, ತಾಳ ಹಾಕುವವರಿಲ್ಲ, ಮುಂದೆ ನಿಂತು ಕೋಲು ಆಡಿಸುವವರೂ ಇಲ್ಲ. ಮೊದಲನೇ ಪಿಟೀಲು ರೇವಂತ್, ಎರಡನೆಯದು ನಾನು, ವಯೋಲಾ ಶಿರಾದ ಯಶಸ್ವಿನಿ, ಚೆಲ್ಲೋ ಪಾವಗಡ ಕಡೆಯ ತಿಪ್ಪೇರುದ್ರ. ರೇವಂತ್ ಬಿಟ್ಟರೆ ಮಿಕ್ಕವರೆಲ್ಲ ನಮ್ಮ ಕಡೆಯವರೇ.

ಆ ರೇವಂತನದೇ ಈಗ ಕಷ್ಟ. ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಫೆಬ್ರವರಿಗೆ ಹೊರಡುತ್ತಾನೆ. ಜನವರಿ ಕೊನೆಯೊಳಗೆ ಯಾರು ಯಾವ ಕುರ್ಚಿಯಲ್ಲಿ ಕೂರುತ್ತಾರೆ ಎಂದು ಉತ್ಸವದವರಿಗೆ ತಿಳಿಸದಿದ್ದರೆ ಕರೆ ವಾಪಸ್ಸು. ಮೂವರೂ ನನ್ನ ಮುಖ ನೋಡಿದರು. "ಮೊದಲ್ನೇ ಕುರ್ಚಿಗೆ ನೀನೇ ಬಾ, ಮಧು. ಅದಕ್ಕೆ ಹೊಸಬರು ಸಿಗೋದು ಕಷ್ಟ, ಎರಡ್ನೇದಕ್ಕೆ ಯಾರಾದ್ರೂ ಸಿಕ್ತಾರೆ" ಎಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಅಮ್ಮನಿಗೆ ಹೇಳು, ಕಾಗದದಲ್ಲಿ ಕಿರುಚಾಡಿಲ್ಲ.

ನಿನ್ನ ಮಗಳು,
ಮಧು

*

ಮಧುಗಿರಿ
9 ಸೆಪ್ಟೆಂಬರ್ 2024

ಮಗಳು ಮಧುಶ್ರೀಗೆ ನಿನ್ನಪ್ಪ ಸಂಜೀವಯ್ಯ ಎರಡೂ ಕೈಯೆತ್ತಿ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ನಾನೊಬ್ಬ ಮಾತ್ರ ಸಂತೋಷದಿಂದ ನೆಲದ ಮೇಲೆ ನಿಲ್ಲುತ್ತಿಲ್ಲ! ನಿನ್ನ ಕಾಗದ ಬಂದ ದಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. "ಮೇಷ್ಟ್ರ ಮಗ್ಳು ಮೊದಲ್ನೇ ಪಿಟೀಲಂತೆ ಕಣ್ರಲಾ" ಎಂದು ಪಕ್ಕದಲ್ಲಿ ಕೂತಿದ್ದ ನಾಗಲಿಂಗಯ್ಯ ಆ ಕ್ಷಣವೇ ಎಲ್ಲರಿಗೂ ಟೀ ಹೇಳಿದ. ನಿನ್ನ ತಮ್ಮ ಚೇತನ ಮೊಬೈಲಿನಲ್ಲಿ ಪೋರ್ಚುಗಲ್ ತೋರಿಸಿದ. ಸಮುದ್ರದ ಅಂಚಿನಲ್ಲಿ ಬೀಳುವ ಹಾಗೆ ಕೂತಿದೆ, ಜೋಪಾನ.

ಹೂಂ ಅನ್ನಲಿಲ್ಲ ಎಂದು ಬರೆದಿದ್ದೀಯ. ಯಾಕಮ್ಮ? ನಲವತ್ತು ವರ್ಷದಿಂದ ನಾಲ್ಕು ತಾಲ್ಲೂಕಿನ ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ನಾನು. ಪಾರ್ಟು ಹಂಚುವುದು ನನ್ನ ಕೈಯಲ್ಲೇ. ಭೀಮನ ಪಾರ್ಟು ಬಂದವನು "ಬ್ಯಾಡ ಮೇಷ್ಟ್ರೇ, ನಂಗೆ ಬಾಗ್ಲು ಕಾಯೋ ಪಾರ್ಟು ಕೊಡಿ" ಎಂದದ್ದನ್ನು ಇದುವರೆಗೂ ಕಂಡಿಲ್ಲ. ಈ ವರ್ಷ ಚನ್ನರಾಯನದುರ್ಗದಲ್ಲಿ ಕಲಿಸುತ್ತಿದ್ದೇನೆ. ಭೀಮನ ಪಾರ್ಟಿನ ಕದಿರಯ್ಯನಿಗೆ ಎರಡನೇ ಪದ್ಯ ದಾಟಿದರೆ ಮೂರನೆಯದು ನೆನಪಿರುವುದಿಲ್ಲ. ಆದರೂ ಭೀಮನ ಪಾರ್ಟೇ ಬೇಕು, ಸತ್ತರೂ ಬಿಡುವುದಿಲ್ಲ. ಆಸೆ ಅಂದರೆ ಹಾಗಿರಬೇಕು ಕಣಮ್ಮ.

ನಿನ್ನನ್ನು ಏಳು ವರ್ಷದವಳಿದ್ದಾಗ ತುಮಕೂರಿಗೆ ಪಿಟೀಲು ಪಾಠಕ್ಕೆ ಕರೆದುಕೊಂಡು ಹೋದದ್ದು ಪಕ್ಕದಲ್ಲಿ ಕೂರಲಿ ಎಂದಲ್ಲ. ಹೂಂ ಅಂದುಬಿಡು. ಕಡಲೆಕಾಯಿ ಕಿತ್ತ ಮೇಲೆ ಒಂದು ಚೀಲ ಕಳಿಸುತ್ತೇನೆ, ನಾಲ್ವರೂ ತಿನ್ನಿ.

ಇಂತಿ ನಿನ್ನಪ್ಪ,
ಹಾರ್ಮೋನಿಯಂ ಸಂಜೀವಯ್ಯ

*

ಪುದುಚೇರಿ
20 ಅಕ್ಟೋಬರ್ 2024

ಅಪ್ಪಾ,

ನಿನ್ನೆ ರಾತ್ರಿ ನಡೆದದ್ದರ ಖುಷಿ ಇನ್ನೂ ಇಳಿದಿಲ್ಲ! ಬರೆದೇ ತೀರಬೇಕು.

ಮೊದಲು ದಾರಿಯ ಕಥೆ. ಬಸ್ಸಿನಲ್ಲಿ ಚೆಲ್ಲೋಗೂ ಸೀಟು ಬೇಕು. ಕಂಡಕ್ಟರ್ ಬಂದು, "ಏನ್ರೀ ಇದು, ಒಳಗ್ಯಾರಾದ್ರೂ ಅವ್ರಾ?" ಎಂದ. ತಿಪ್ಪೇರುದ್ರ ಗಂಭೀರವಾಗಿ, "ಮಾ ಅತ್ತಗಾರು, ನಿದ್ದೆ ಮಾಡ್ತಾವ್ರೆ" ಎಂದು ತನ್ನ ಪಾವಗಡದ ತೆಲುಗು ಬೆರೆತ ಭಾಷೆಯಲ್ಲಿ ಹೇಳಿದ. ಫುಲ್ ಟಿಕೆಟ್ ಹರಿದ ಮಹಾರಾಯ. ನಾವು ಕೃಷ್ಣಗಿರಿ ದಾಟುವವರೆಗೂ ನಕ್ಕೆವು.

ಈಗ ನಿನ್ನೆಯದು. ಹಾಲ್ ತುಂಬಿತ್ತು. ಎರಡನೆಯ ಕೃತಿಯ ನಡುವೆ, ರಾಗ ಮೇಲಕ್ಕೆ ಹೋಗಿ ನಿಂತ ಜಾಗದಲ್ಲಿ, ರೇವಂತನ ಪಿಟೀಲಿನ ಮೇಲಿನ ತಂತಿ ಫಟ್ ಎಂದು ಕಿತ್ತುಹೋಯಿತು. ಸಾಧಾರಣವಾಗಿ ಅಲ್ಲಿಗೆ ನಿಲ್ಲಿಸಿ, ಒಳಗೆ ಹೋಗಿ ತಂತಿ ಹಾಕಿಕೊಂಡು ಬರಬೇಕು. ನನಗೆ ಏನಾಯಿತೋ, ಅವನ ರಾಗ ನನ್ನ ಕೈಯಲ್ಲಿತ್ತು. ಯಶಸ್ವಿನಿ ಕಣ್ಣಲ್ಲೇ ತಿಳಿದುಕೊಂಡು ನನ್ನ ಭಾಗ ಹಿಡಿದಳು. ಹಾಗೇ ಎಳೆದುಕೊಂಡು ದಡ ಮುಟ್ಟಿಸಿದೆವು. ಹಿಂದಿನ ಸಾಲಿನವರಿಗೆ ತಂತಿ ಹೋದದ್ದೇ ಗೊತ್ತಾಗಲಿಲ್ಲ. ಒಳಗೆ ಬಂದ ಮೇಲೆ ರೇವಂತ್ ನನ್ನ ಮುಂದೆ ಮಂಡಿಯೂರಿ ಕೂತುಬಿಟ್ಟ.

ಅಪ್ಪಾ, ಇದನ್ನೇ ನಾನು ಫೋನಿನಲ್ಲಿ ಹೇಳಲು ಹೋದದ್ದು, ನೀನು ಬಿಡಲಿಲ್ಲ. ಎರಡನೇ ಪಿಟೀಲಿನವಳ ಕೆಲಸ ಕಡಿಮೆಯದಲ್ಲ. ಮೊದಲನೆಯವನು ರಾಗವನ್ನು ನೋಡುತ್ತಾನೆ, ನಾನು ಮೂವರನ್ನೂ ನೋಡುತ್ತೇನೆ. ಯಾರ ಉಸಿರು ಎಳೆಯಿತು, ಯಾರ ಕಮಾನು ತಡವಾಯಿತು, ಚೆಲ್ಲೋ ಇವತ್ತು ಭಾರವಾಗಿದೆಯೇ, ಎಲ್ಲ ನನಗೆ ಗೊತ್ತಿರಬೇಕು. ನನಗೆ ಅದು ಇಷ್ಟ. ಬಹಳ ಇಷ್ಟ. ಆ ಕುರ್ಚಿಯಿಂದ ಏಳು ಅಂದಾಗ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ. ಆದರೆ ನಾನು ಏಳದಿದ್ದರೆ ಪೋರ್ಚುಗಲ್ ಕೈತಪ್ಪಬಹುದು, ಉಳಿದ ಮೂವರೂ ಚದುರಬಹುದು ಎಂಬ ಭಯವೂ ಇದೆ.

ಏನು ಮಾಡಲಿ, ನೀನೇ ಹೇಳು. ಕಿರುಚದೆ ಹೇಳು.

ಮಧು

*

ಮಧುಗಿರಿ
4 ನವೆಂಬರ್ 2024

ಮಗಳೇ,

ನೋಡಿದೆಯಾ? ನಾನು ಹೇಳಿದ್ದು ಇದನ್ನೇ! ತಂತಿ ಕಿತ್ತ ಕೂಡಲೇ ರಾಗ ಯಾರ ಕೈಗೆ ಬಂತು? ನಿನ್ನ ಕೈಗೆ. ದೇವರೇ ಕೈಯೆತ್ತಿ ಮೊದಲನೇ ಕುರ್ಚಿ ತೋರಿಸಿದ್ದಾನೆ, ನೀನು ಇನ್ನೂ ಹೊಟ್ಟೆ ಹಿಂಡಿತು ಎಂದು ಬರೆಯುತ್ತೀಯ. ಹೊಟ್ಟೆ ಹಿಂಡುವುದು ಸ್ಟೇಜಿನ ಭಯ. ಕದಿರಯ್ಯನಿಗೂ ಹಿಂಡುತ್ತದೆ, ಒಂದು ಸೋಡಾ ಕುಡಿಸಿದರೆ ಸರಿಹೋಗುತ್ತಾನೆ.

ಈಗ ನನ್ನ ಸುದ್ದಿ ಕೇಳು, ಕೂತುಕೊಂಡು ಓದು. ಚನ್ನರಾಯನದುರ್ಗದ ನಾಟಕ ಜನವರಿ ಹತ್ತೊಂಬತ್ತು, ಭಾನುವಾರ. ಸ್ಟೇಜು, ಸೀನಿನ ಪರದೆ, ಮೈಕು, ಲೈಟು ಎಲ್ಲ ಹಿಂದಿನ ದಿನವೇ ಬರುತ್ತದೆ. ಶನಿವಾರ ಸಂಜೆ ಸ್ಟೇಜು ಖಾಲಿ. ನಾನು ಹುಡುಗರನ್ನೆಲ್ಲ ಕೂರಿಸಿಕೊಂಡು, "ಆ ಸಂಜೆ ನನ್ ಮಗ್ಳುದು ನಾಕ್ ಜನದ್ದು ಕಛೇರಿ ಮಡಗ್ಸಾನಾ?" ಎಂದೆ. ಕದಿರಯ್ಯ ಎದ್ದು ನಿಂತು, "ಮಡಗ್ಸಾನಾ ಅಂತ ಕೇಳ್ತೀರಲ್ಲ ಮೇಷ್ಟ್ರೇ, ಆಯ್ತು ಅಂದ್ಕಳಿ!" ಎಂದ. ಊಟ, ಕಾರು, ಎಲ್ಲ ಅವರದೇ.

ಬಂದುಬಿಡಿ. ನಿಮ್ಮ ಸಂಗೀತ ಕೋಟೆ ಬೆಟ್ಟಕ್ಕೆ ತಾಗಿ ವಾಪಸ್ಸು ಬರಬೇಕು. ನಮ್ಮ ಜನ ನಿನ್ನನ್ನು ನಡುಮಧ್ಯೆ ನೋಡಲಿ. ಅವರ ಮುಂದೆ ಕೂತ ಮೇಲೆ ನಿನಗೇ ಗೊತ್ತಾಗುತ್ತದೆ ನಿನ್ನ ಜಾಗ ಯಾವುದು ಎಂದು.

ಇಂತಿ,
ನಿನ್ನಪ್ಪ

ನಿನ್ನಮ್ಮನ ಸೇರ್ಪಡೆ: "ಬರೋವಾಗ ಆ ದೊಡ್ಡ ಪಿಟೀಲಿನ ಹುಡ್ಗನ್ಗೆ ರಾಗಿ ಮುದ್ದೆ ಆಯ್ತದಾ ಕೇಳು."

*

ಬೆಂಗಳೂರು
6 ಜನವರಿ 2025

ಅಪ್ಪಾ,

ಚೇತನ ಫ್ಲೆಕ್ಸಿನ ಫೋಟೋ ಕಳಿಸಿದ. ಕೊರಟಗೆರೆ ಸರ್ಕಲ್ಲಿನಲ್ಲಿ ಕಟ್ಟಿದ್ದೀರಂತೆ. ನಡುವೆ ನಾನು, ಹೆಬ್ಬಾಗಿಲಿನಷ್ಟು. ಕೆಳಗೆ ರೇವಂತ್, ಯಶಸ್ವಿನಿ, ತಿಪ್ಪೇರುದ್ರ, ಮೂವರೂ ಬೊಟ್ಟಿನಷ್ಟು. ಮೇಲೆ "ಮೊದಲನೇ ಪಿಟೀಲು ವಿದುಷಿ ಮಧುಶ್ರೀ ಮತ್ತು ಸಂಗಡಿಗರು". ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ!

ಅಪ್ಪಾ, ಯಾರು ಹೇಳಿದರು ನಿನಗೆ ಮೊದಲನೇ ಪಿಟೀಲು ಎಂದು? ನಾನೇ ಇನ್ನೂ ನಿರ್ಧರಿಸಿಲ್ಲ. ಇವರು ಮೂವರೂ ನನ್ನ ಸಂಗಡಿಗರಲ್ಲ. ದಿನಕ್ಕೆ ಆರು ತಾಸು ಎದುರುಬದುರು ಕೂತು, ಒಂದೊಂದು ಸಾಲಿಗೂ ಜಗಳವಾಡಿ, ವೋಟು ಹಾಕಿ, ಮತ್ತೆ ನುಡಿಸುವವರು ನಾವು. ತಿಪ್ಪೇರುದ್ರ ಫೋಟೋ ನೋಡಿ ನಕ್ಕ. ಯಶಸ್ವಿನಿ ನಗಲಿಲ್ಲ. ರೇವಂತ್ ಮಾತ್ರ "ಪಾಪ, ಅಪ್ಪ ಅಲ್ವಾ" ಎಂದ, ಅದು ಇನ್ನೂ ಉರಿಸಿತು.

ನಾವು ಬರುತ್ತೇವೆ, ಮಾತು ಕೊಟ್ಟಾಗಿದೆ. ಆದರೆ ನಾನು ಎರಡನೇ ಕುರ್ಚಿಯಲ್ಲೇ ಕೂರುವುದು. ಆಮೇಲೆ ಏನೋ ನೋಡೋಣ. ಯಾವ ಕೃತಿ ಹೇಗೆ ಹೋಗುತ್ತದೆ, ಎಲ್ಲಿ ಏನು ಕೇಳಬೇಕು ಎಂದು ನಿನಗಾಗಿ ಎರಡು ಹಾಳೆ ಬರೆಯಬೇಕೆಂದಿದ್ದೆ. ಈಗ ಕೈ ಓಡುತ್ತಿಲ್ಲ. ಬಂದು ಕೇಳಿಕೋ.

ಕಾರ್ಯಕ್ರಮ ಮುಗಿದ ಕೂಡಲೇ ಅನಂತಪುರಕ್ಕೆ ಹೊರಡಬೇಕು, ಮಾರನೆಯ ದಿನ ಅಲ್ಲಿ ನುಡಿಸುವುದಿದೆ. ಮನೆಗೆ ಬರಲು ಆಗುವುದಿಲ್ಲ ಎಂದು ಅಮ್ಮನಿಗೆ ಹೇಳು.

ಮಧುಶ್ರೀ

*

ಹುಲಿಕುಂಟೆ
19 ಜನವರಿ 2025, ಬೆಳಿಗ್ಗೆ

ಮಗಳೇ,

ನಿನ್ನ ಸೋದರತ್ತೆ ಪುಟ್ಟಕ್ಕನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಸ್ಟೇಜಿನ ಹಿಂದಿನಿಂದ ಇಳಿದವನು ಸಿಕ್ಕಿದ ಬಸ್ಸು ಹತ್ತಿ ಮಧುಗಿರಿಗೆ, ಅಲ್ಲಿಂದ ಶಿರಾಕ್ಕೆ, ಶಿರಾದಿಂದ ಆಟೋದಲ್ಲಿ ಇಲ್ಲಿಗೆ ಬಂದೆ. ಮನೆಗೆ ಹೋದರೆ ನಿನ್ನಮ್ಮನ ಮುಖ ನೋಡಬೇಕಲ್ಲ. ಪುಟ್ಟಕ್ಕ ಬಾಗಿಲು ತೆಗೆದು, "ಏನ್ಲಾ ಸಂಜೀವ, ಯಾರಾದ್ರೂ ವೋಗ್ಬುಟ್ರಾ?" ಎಂದಳು. ನನ್ನ ಮಾನ ಹೋಯಿತು ಅಂದೆ.

ನಿನಗೆ ಹೇಳಲೇಬೇಕು. ನೀನು ಎರಡನೇ ಕುರ್ಚಿಯಲ್ಲಿ ಕೂತದ್ದು ನೋಡಿ ಮೊದಲು ಸಿಟ್ಟೇ ಬಂತು. ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿದ್ದರು, ಅಲ್ಲಿ ಕೂರಲಾಗಲಿಲ್ಲ. ಸ್ಟೇಜನ್ನು ಎದುರಿನಿಂದ ನೋಡಿ ಅಭ್ಯಾಸವೇ ಇಲ್ಲ ನನಗೆ. ಎಡಗಡೆ ಸೀನಿನ ಮರೆಯಲ್ಲಿ ನಾಟಕಕ್ಕೆಂದು ನನ್ನ ಕಾಲು ಹಾರ್ಮೋನಿಯಂ ಇಟ್ಟಿದ್ದರು. ಹೋಗಿ ಅದರ ಸ್ಟೂಲಿನ ಮೇಲೆ ಕೂತೆ. ಕೂತ ಮೇಲೆ ಜೀವ ಜಾಗಕ್ಕೆ ಬಂತು.

ನೀವು ನುಡಿಸುತ್ತಾ ನುಡಿಸುತ್ತಾ ನನ್ನ ಸಿಟ್ಟು ಎಲ್ಲಿ ಹೋಯಿತೋ! ಕೊನೆಯದಂತೂ, ಅಬ್ಬಾ, ನಾಲ್ಕು ಕರು ಒಟ್ಟಿಗೆ ಬಿಚ್ಚಿ ಬಿಟ್ಟ ಹಾಗೆ ಓಡುತ್ತಿತ್ತು. ನನ್ನ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಅಷ್ಟರಲ್ಲಿ ನಾಲ್ವರೂ ಒಟ್ಟಿಗೆ ನಿಂತುಬಿಟ್ಟಿರಿ. ಕಮಾನು ಗಾಳಿಯಲ್ಲಿ. ಸದ್ದಿಲ್ಲ. ಊರೆಲ್ಲ ಉಸಿರು ಹಿಡಿದು ಕೂತಿದೆ.

ಸ್ಟೇಜಿನ ಮೇಲೆ ಸದ್ದು ನಿಂತಿತೆಂದರೆ ನನಗೆ ಗೊತ್ತಿರುವ ಅರ್ಥ ಒಂದೇ, ಪಾರ್ಟಿನವನು ಮರೆತಿದ್ದಾನೆ. ಆಗ ಮೇಷ್ಟ್ರು ಕೈ ಹಾಕಬೇಕು. ಎರಡು ಸ್ವರ ಕೊಟ್ಟು ಅವನನ್ನು ಎತ್ತಿಕೊಳ್ಳಬೇಕು, ಜನಕ್ಕೆ ತಿಳಿಯುವ ಮೊದಲೇ. ಅಯ್ಯೋ, ನನ್ನ ಮಗಳು ಮರೆತಳು, ಅದೂ ನಮ್ಮೂರವರ ಮುಂದೆ ಅಂದುಕೊಂಡೆ. ಅಂದುಕೊಳ್ಳುವ ಮೊದಲೇ ಕಾಲು ತಿದಿ ಒತ್ತಿತ್ತು, ಬೆರಳು ಪ, ದ, ಸಾ ಹಿಡಿದಿತ್ತು.

ರೇವಂತ್ ತಿರುಗಿ ನನ್ನನ್ನು ನೋಡಿದನಲ್ಲ, ಆ ಕಣ್ಣು ನೋಡಿದ ಕೂಡಲೇ ತಿಳಿಯಿತು. ಯಾರೂ ಮರೆತಿರಲಿಲ್ಲ. ಆ ಮೌನವನ್ನೂ ನೀವು ನುಡಿಸುತ್ತಿದ್ದಿರಿ. ನಾನು ಅದರ ಮೇಲೆ ಕಾಲಿಟ್ಟೆ. ಆಮೇಲೆ ಏನಾಯಿತು ಎಂದು ನನಗೆ ತಿಳಿಯದು, ಕಿವಿ ಗುಂಯ್ ಎನ್ನುತ್ತಿತ್ತು, ಎದ್ದು ಬಂದುಬಿಟ್ಟೆ.

ಇವತ್ತು ಸಾಯಂಕಾಲ ನಾಟಕಕ್ಕೆ ಅದೇ ಸ್ಟೂಲಿನ ಮೇಲೆ ಕೂರಬೇಕು. ಹೇಗೆ ಕೂರಲಿ? ನಿನ್ನ ಆ ಮೂವರಿಗೂ ನನ್ನ ಪರವಾಗಿ ಕೈಮುಗಿ. ಪೋರ್ಚುಗಲ್ಲಿನವರಿಗೆ ಇದು ತಿಳಿಯದಿರಲಿ.

ಸಂಜೀವಯ್ಯ

*

ಬೆಂಗಳೂರು
24 ಜನವರಿ 2025

ಅಪ್ಪಾ!

ನೀನು ಎದ್ದು ಹೋದದ್ದೇ ತಪ್ಪು. ಕೈ ಹಾಕಿದ್ದಲ್ಲ. ಆಮೇಲೆ ಏನಾಯಿತು ಎಂದು ಕೇಳದೆ ಹುಲಿಕುಂಟೆಗೆ ಓಡಿದರೆ ಹೇಗೆ? ಈಗ ಕೇಳು.

ನೀನು ಸಾ ಮೇಲೆ ನಿಂತೆ. ರೇವಂತನ ಕಮಾನು ಗಾಳಿಯಲ್ಲಿ ಕಲ್ಲಾಗಿತ್ತು. ಮೊದಲನೆಯವನಿಗೆ ತನ್ನ ದಾರಿ ಒಂದೇ, ಅದರಲ್ಲಿ ಹಾರ್ಮೋನಿಯಂ ಇರಲಿಲ್ಲ. ನಾನು ಯೋಚಿಸಲಿಲ್ಲ, ಅಪ್ಪಾ, ದೇವರಾಣೆ ಯೋಚಿಸಲಿಲ್ಲ. ನೀನು ಬಿಟ್ಟ ಸಾ ಅನ್ನು ಅಲ್ಲೇ ಹಿಡಿದು, ಮೆಲ್ಲಗೆ ಪ, ದ, ಸಾ ಎಂದು ತಿರುಗಿ ಹೇಳಿದೆ. ನೀನು ಶ್ರುತಿ ಎಷ್ಟು ಸರಿಯಾಗಿ ಹಿಡಿದಿದ್ದೆ ಗೊತ್ತಾ, ಒಂದು ಎಳ್ಳಿನಷ್ಟೂ ಆಚೀಚೆ ಇಲ್ಲ! ಯಶಸ್ವಿನಿ ಮೂರನೆಯ ಸಲ ಅದನ್ನೇ ಇನ್ನೂ ಕೆಳಗೆ ಹೇಳಿದಳು. ತಿಪ್ಪೇರುದ್ರ ಸಾ ಮೇಲೆ ಚೆಲ್ಲೋ ಇಳಿಸಿದ, ಸ್ಟೇಜಿನ ಹಲಗೆ ಗುಂ ಎಂದಿತು. ನಾನು ಉಸಿರೆಳೆದು ರೇವಂತನಿಗೆ ಸನ್ನೆ ಕೊಟ್ಟೆ. ಅವನು ಎದ್ದ ನೋಡು, ಆ ಓಟ ನಾವು ಯಾವತ್ತೂ ಓಡಿಲ್ಲ.

ಮುಗಿದ ಕೂಡಲೇ ಕದಿರಯ್ಯ ಕುರ್ಚಿಯ ಮೇಲೆ ಹತ್ತಿ, "ಒನ್ಸ್ ಮೋರ್! ಮೇಷ್ಟ್ರುದೂ ಸೇರ್ಸಿ ಬಾರ್ಸ್ರಮ್ಮೋ!" ಎಂದು ಕೂಗಿದ. ಊರೆಲ್ಲ ಒನ್ಸ್ ಮೋರ್ ಎಂದು ಎದ್ದು ನಿಂತಿತು. ಹತ್ತು ವರ್ಷದಿಂದ ನುಡಿಸುತ್ತಿದ್ದೇನೆ, ಯಾವ ಹಾಲಿನಲ್ಲೂ ನಮಗೆ ಒನ್ಸ್ ಮೋರ್ ಬಿದ್ದಿಲ್ಲ. ಸ್ವಲ್ಪ ಹಿಂದಿನ ಸಾಲಿನಿಂದ ಮತ್ತೆ ಶುರುಮಾಡಿದೆವು. ಆ ಜಾಗ ಬಂತು. ನಿಂತೆವು. ಜನರ ತಲೆಯೆಲ್ಲ ಒಟ್ಟಿಗೆ ಎಡಕ್ಕೆ ತಿರುಗಿತು.

ಸ್ಟೂಲು ಖಾಲಿ ಇತ್ತು. ನನಗೆ ಅಳು ಬಂತು. ಆದರೂ ನಿನ್ನ ಪ, ದ, ಸಾ ನಾನೇ ನುಡಿಸಿದೆ, ನೀನು ಕಲಿಸಿದ ಹಾಗೆ, ಜನಕ್ಕೆ ತಿಳಿಯುವ ಮೊದಲೇ.

ಕಾರಿನಲ್ಲಿ ತಿಪ್ಪೇರುದ್ರ ಪಾವಗಡ ದಾಟುವವರೆಗೂ "ಏಂ ಚೇಶಾರಯ್ಯಾ ಮೇಷ್ಟ್ರು, ಏನ್ ಮಾಡ್ಬುಟ್ರು!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದ. ಫ್ಲೆಕ್ಸಿಗೆ ಮುಖ ಸಿಂಡರಿಸಿದ್ದ ಯಶಸ್ವಿನಿ, "ನಿಮ್ಮಪ್ಪನ್ನ ನೋಡಿದ್ಮೇಲೆ ನೀನು ಅರ್ಥ ಆದೆ ಕಣೆ" ಎಂದಳು. ರೇವಂತ್, "ಆ ಕುರ್ಚಿಯಿಂದ ನಿನ್ನ ಎಬ್ಬಿಸಬೇಕು ಅಂದ್ಕೊಂಡಿದ್ವಲ್ಲ, ನಮಗೆ ಬುದ್ಧಿ ಇಲ್ಲ" ಎಂದ.

ಚಿಕ್ಕವಳಿದ್ದಾಗ ನಾಟಕದ ದಿನ ನಿನ್ನ ಹಾರ್ಮೋನಿಯಂ ಹಿಂದೆ ಚಾಪೆ ಹಾಸಿ ಮಲಗಿಸುತ್ತಿದ್ದೆಯಲ್ಲ. ಯಾರಾದರೂ ಪದ್ಯ ಮರೆತರೆ ನಿನ್ನ ಬೆನ್ನು ಸ್ವಲ್ಪ ಮುಂದೆ ಬಾಗುತ್ತಿತ್ತು. ನಾನು ನಿದ್ದೆಗಣ್ಣಲ್ಲಿ ಅದನ್ನೇ ನೋಡುತ್ತಿದ್ದೆ. ಪಿಟೀಲು ತುಮಕೂರಿನಲ್ಲಿ ಕಲಿತೆ. ಮಿಕ್ಕದ್ದನ್ನು ಆ ಚಾಪೆಯ ಮೇಲೆ ಕಲಿತೆ.

ಹೆಸರು ಕಳಿಸಿಯಾಯಿತು. ಮೈಸೂರಿನ ಬಿಂದುಶ್ರೀ ಎಂಬ ಹುಡುಗಿ ನಮ್ಮ ಜೊತೆ ಎರಡು ದಿನ ನುಡಿಸಿದಳು. ಬೆಂಕಿ! ಅವಳು ಮೊದಲನೇ ಪಿಟೀಲು. ನಾನು ಎರಡನೆಯದು. ಹೊಟ್ಟೆ ಹಿಂಡುತ್ತಿಲ್ಲ. ಬೇಕಾದರೆ ಈಗ ಬೈದುಬಿಡು.

ನಿನ್ನ ಮಧು

*

ಮಧುಗಿರಿ
2 ಫೆಬ್ರವರಿ 2025

ಮಗಳೇ,

ಬೈಯುವುದಿಲ್ಲ. ನಿನ್ನ ಕಾಗದವನ್ನು ಈ ಸಲ ಟೀ ಅಂಗಡಿಯಲ್ಲಿ ಓದಲಿಲ್ಲ, ಕೆರೆ ಏರಿಯ ಮೇಲೆ ಒಬ್ಬನೇ ಕೂತು ಓದಿದೆ. ಓದಿ ಎಷ್ಟು ಹೊತ್ತು ಅತ್ತೆನೋ. ಸಂತೋಷಕ್ಕೇ ಕಣಮ್ಮ.

ಆ ಭಾನುವಾರದ ನಾಟಕದ ಸಮಾಚಾರ ಕೇಳು. ಸ್ಟೂಲಿನ ಮೇಲೆ ಕೂತಾಗ ಜನ ಶಿಳ್ಳೆ ಹೊಡೆದರು. ಗೇಲಿಗೆ ಅಂದುಕೊಂಡೆ. ಅಲ್ಲವೆಂದು ನಿನ್ನ ಕಾಗದ ಬಂದ ಮೇಲೆ ತಿಳಿಯಿತು. ಕದಿರಯ್ಯ ಗದೆ ಹೊತ್ತು ಬಂದ, ಎರಡು ಪದ್ಯ ಹಾಡಿದ, ಮೂರನೆಯದಕ್ಕೆ ಎಂದಿನಂತೆ ಬಾಯಿ ತೆರೆದು ನಿಂತ. ನನ್ನ ಬೆರಳು ಹಾರ್ಮೋನಿಯಂನ ಸ್ವರದ ಮನೆಯ ಮೇಲೆ ಹೋಯಿತು. ಆದರೆ ಒತ್ತಲಿಲ್ಲ. ನೀವು ಕಮಾನು ಎತ್ತಿ ನಿಂತದ್ದು ನೆನಪಾಯಿತು. ತಾಳು, ನೋಡೋಣ ಎಂದು ಒಂದು ಉಸಿರಿನಷ್ಟು ಬಿಟ್ಟೆ. ಕದಿರಯ್ಯನ ಮುಖ ಕೆಂಪಾಯಿತು, ಗದೆ ಮೇಲೆದ್ದಿತು, ಎಲ್ಲಿಂದ ಬಂತೋ ಪದ್ಯ, ಕೋಟೆ ಬೆಟ್ಟ ನಡುಗುವ ಹಾಗೆ ಹಾಡಿದ! ಒಳಗೆ ಬಂದು, "ಯಾಕ್ ಮೇಷ್ಟ್ರೇ ಕೈ ಹಾಕ್ಲಿಲ್ಲ? ಜೀವ ಬಾಯಿಗ್ ಬಂದಿತ್ತು!" ಎಂದು ಜಗಳಕ್ಕೆ ನಿಂತ. "ನೀನ್ ಹುಡುಕ್ತಿದ್ಯಲ್ಲ, ಅದೇ ಚೆಂದಾಗಿತ್ತು ಕಣ್ಲಾ" ಎಂದೆ.

ಇನ್ನೊಂದು ಮಾತು. ನಿನ್ನಮ್ಮನಿಗೂ ಹೇಳಿಲ್ಲ. ಈ ನಲವತ್ತು ವರ್ಷದಲ್ಲಿ ನಾನೊಂದು ದಿನವೂ ಬಣ್ಣ ಹಚ್ಚಲಿಲ್ಲ. ಎಲ್ಲರಿಗೂ ಪಾರ್ಟು ಹಂಚಿದೆ, ನನಗೊಂದು ಇಟ್ಟುಕೊಳ್ಳಲಿಲ್ಲ. ಹಾರ ಬೀಳುವುದು ನಡುವೆ ನಿಂತವನಿಗೆ, ನಾನು ಎಡಗಡೆ ಮರೆಯಲ್ಲಿ. ನನ್ನ ಮಗಳಾದರೂ ನಡುವೆ ನಿಲ್ಲಲಿ ಎಂದು ಆಸೆಯಿತ್ತು. ಆ ಆಸೆಗೆ ನಿನ್ನನ್ನು ಬೈದೆ, ಫ್ಲೆಕ್ಸು ಹಾಕಿಸಿದೆ. ನೀನು ನಾನು ಬಿಟ್ಟ ಸಾ ಹಿಡಿದು ಎತ್ತಿದೆ ಎಂದು ಓದಿದಾಗ ಹೊಳೆಯಿತು. ಲೇ ಮಧು, ನಾನೂ ಇಷ್ಟು ವರ್ಷ ನುಡಿಸಿದ್ದು ಎರಡನೇ ಪಿಟೀಲೇ ಅಲ್ಲವೇನೇ? ಒಂದು ದಿನವೂ ನನಗೆ ಅದು ಸಣ್ಣ ಕೆಲಸ ಅನ್ನಿಸಿರಲಿಲ್ಲ. ನೀನು ಮಾಡಿದಾಗ ಮಾತ್ರ ಯಾಕೆ ಸಣ್ಣದಾಗಿ ಕಂಡಿತೋ!

ಏಳಬೇಡ ಆ ಕುರ್ಚಿಯಿಂದ. ಯಾರು ಎಬ್ಬಿಸಿದರೂ ಏಳಬೇಡ.

ಒಂದು ಕೇಳಬೇಕು. ಆ ಮೌನ ಎಷ್ಟು ಹೊತ್ತು ಇರಬೇಕೆಂದು ನಿಮಗೆ ಹೇಗೆ ಗೊತ್ತಾಗುತ್ತದೆ? ತಾಳ ಹಾಕುವವರಿಲ್ಲ, ಎಣಿಸುವವರಿಲ್ಲ. ಮೂರು ದಿನದಿಂದ ಹಾರ್ಮೋನಿಯಂ ಮುಂದೆ ಕೂತು ಸುಮ್ಮನಿದ್ದು ನೋಡುತ್ತಿದ್ದೇನೆ. ನಿನ್ನಮ್ಮ, "ಬಾರ್ಸೋದಾದ್ರೆ ಬಾರ್ಸು, ಇಲ್ದಿದ್ರೆ ಎದ್ದು ಸೌದೆ ವಡಿ" ಎನ್ನುತ್ತಾಳೆ.

ಫ್ಲೆಕ್ಸನ್ನು ಅಂಗಳದಲ್ಲಿ ಹಾಸಿ ಹುಣಸೆಹಣ್ಣು ಒಣಗಿಸಿದ್ದಾಳೆ. ನಿನ್ನ ಮುಖ ಕೆಳಗೆ ಮಾಡಿದ್ದಾಳೆ, ಚಿಂತೆ ಬೇಡ.

ಇಂತಿ ನಿನ್ನಪ್ಪ,
ಸಂಜೀವಯ್ಯ

*

ಪೋರ್ಚುಗಲ್
17 ಮೇ 2025

ಅಪ್ಪಾ,

ಕಾರ್ಡಿನಲ್ಲಿ ಜಾಗ ಕಡಿಮೆ, ಸಂತೋಷ ಹೆಚ್ಚು. ನಿನ್ನೆ ನುಡಿಸಿದೆವು! ಹಳೇ ಕಲ್ಲಿನ ಮಂಟಪ, ನಮ್ಮ ದುರ್ಗದ ಕಲ್ಲಿನ ಬಣ್ಣವೇ. ಕೊನೆಗೆ ಅದೇ ಕೃತಿ. ಇಲ್ಲಿನವರಿಗೆ ಒನ್ಸ್ ಮೋರ್ ಎಂದು ಕೂಗಲು ಬರುವುದಿಲ್ಲ, ಪಾಪ, ನಿಂತುಕೊಂಡು ಕೈ ತಟ್ಟಿದರು, ನಿಲ್ಲಿಸಲೇ ಇಲ್ಲ. ತಿಪ್ಪೇರುದ್ರ ಅತ್ತ. ಈ ಸಲ ಯಶಸ್ವಿನಿ ಕುಣಿದಳು.

ಮೌನ ಎಷ್ಟು ಹೊತ್ತು ಎಂದು ನೀನು ಕೇಳಿದ್ದಕ್ಕೆ ಉತ್ತರ ಈಗ ಸಿಕ್ಕಿತು. ಆ ಮೌನ ಬಂದಾಗ ನಾವು ಎಡಗಡೆ ನೋಡುತ್ತೇವೆ. ಜನವರಿಯಿಂದ ಅದೇ ಅಭ್ಯಾಸ. ಬಿಂದುಶ್ರೀ ನಿನ್ನನ್ನು ಕಂಡಿಲ್ಲ, ಅವಳೂ ನೋಡುತ್ತಾಳೆ. ಅಲ್ಲಿ ನೀನು ಸ್ಟೂಲಿನ ಮೇಲೆ ಕೂತಿರುತ್ತೀಯ. ಬೆನ್ನು ಸ್ವಲ್ಪ ಮುಂದೆ ಬಾಗುತ್ತದೆ, ಬೆರಳು ಸ್ವರದ ಮನೆಯ ಮೇಲೆ ಬರುತ್ತದೆ. ನೀನು ಇನ್ನೇನು ಕೈ ಹಾಕಬೇಕು, ಅದಕ್ಕೆ ಒಂದು ಉಸಿರು ಮುಂಚೆ ನಾವು ಶುರುಮಾಡುತ್ತೇವೆ.

ಮಧು